ಹಳೆಯ ಕಾರಿನಲ್ಲಿ ದೂರದ ಪ್ರಯಾಣ: ಸಿದ್ಧತೆ ಮತ್ತು ದಾರಿಯ ಎಚ್ಚರ

ಮೋಟಾರು ವಾಹನದಲ್ಲಿ ಮೊದಲ ದೂರಪ್ರಯಾಣ ಮಾಡಿದವರೆಂದು ಹೆಸರಾದವರು ಬರ್ತಾ ಬೆಂಜ್. 1888ರ ಆಗಸ್ಟ್‌ನಲ್ಲಿ ಇಬ್ಬರು ಗಂಡುಮಕ್ಕಳೊಂದಿಗೆ ಜರ್ಮನಿಯ ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟ ಆಕೆ, ನೂರು ಕಿಲೋಮೀಟರಿಗೆ ತುಸು ಹೆಚ್ಚಿನ ಆ ದಾರಿಯಲ್ಲಿ ಕಟ್ಟಿಕೊಂಡ ಇಂಧನದ ನಳಿಕೆಯನ್ನು ಟೋಪಿಯ ಪಿನ್ನಿನಿಂದ ಬಿಡಿಸಿದರು, ಸವೆದ ಬ್ರೇಕಿಗೆ ಚರ್ಮ ಹೊಡೆಸಿದರು, ಔಷಧದಂಗಡಿಯಲ್ಲಿ ಇಂಧನ ಕೊಂಡರು, ನೀರು ಸಿಕ್ಕಲ್ಲೆಲ್ಲ ತುಂಬಿಸಿಕೊಂಡರು. ಇಂದಿಗೂ ಹಳೆಯ ಕಾರು ದಾರಿಯಲ್ಲಿ ನಿಲ್ಲುವುದು ಬಹುಮಟ್ಟಿಗೆ ಇವೇ ಕಾರಣಗಳಿಂದ. ಎಂಜಿನ್ನಿನ ಒಳಭಾಗ ಮುರಿದು ನಿಂತ ಕಾರುಗಳು ತೀರ ಕಡಿಮೆ.

ದೊಡ್ಡ ದುರಸ್ತಿ ಏನೇ ಇದ್ದರೂ ಹೊರಡುವುದಕ್ಕೆ ಒಂದು ತಿಂಗಳು ಮೊದಲೇ ಮುಗಿದಿರಬೇಕು. ಹೊಸದಾಗಿ ಬಿಚ್ಚಿ ಜೋಡಿಸಿದ ಭಾಗವೇ ಮೊದಲು ಕೈಕೊಡುತ್ತದೆ ಎಂಬುದನ್ನು ನಾನು ಕಲಿತದ್ದು, ಹೊರಡುವ ಹಿಂದಿನ ದಿನ, ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಕಾರ್ಬ್ಯುರೇಟರ್ ಶುದ್ಧಮಾಡಿ ಒಂದು ಸ್ಕ್ರೂವನ್ನು ಪೂರ್ತಿ ಬಿಗಿಯದೆ ಬಿಟ್ಟಾಗ. ದುರಸ್ತಿಯಾದ ಮೇಲೆ ಮನೆಯ ಸುತ್ತಮುತ್ತಲೇ ಇನ್ನೂರು ಮುನ್ನೂರು ಕಿಲೋಮೀಟರ್ ಓಡಿಸಿ, ಸಡಿಲವಾದದ್ದನ್ನೆಲ್ಲ ಮತ್ತೊಮ್ಮೆ ಬಿಗಿಮಾಡಿದ ಬಳಿಕವೇ ದೂರದ ಮಾತು.

ಹಳೆಯ ಕಾರಿನಲ್ಲಿ ಓಡಿದ ದೂರಕ್ಕಿಂತ ಹೆಚ್ಚು ಹಾನಿ ಮಾಡುವುದು ನಿಂತ ಕಾಲ. ವರ್ಷಕ್ಕೆ ಕೆಲವೇ ದಿನ ಹೊರಬರುವ ಕಾರಿನ ಟೈರಿನ ಹಲ್ಲು ಹೊಸದರಂತೆಯೇ ಕಾಣುತ್ತಿದ್ದರೂ ರಬ್ಬರ್ ಮಾತ್ರ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. 2000ದಿಂದೀಚೆಗಿನ ಟೈರಿನ ಪಕ್ಕದಲ್ಲಿರುವ ಡಿಒಟಿ (ಅಮೆರಿಕದ ಸಾರಿಗೆ ಇಲಾಖೆ) ಸಂಕೇತದ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಸೂಚಿಸುತ್ತವೆ; 2319 ಎಂದಿದ್ದರೆ ಅದು 2019ರ 23ನೆಯ ವಾರದ್ದು. ಹತ್ತು ವರ್ಷ ದಾಟಿದ ಟೈರನ್ನು, ಸ್ಟೆಪ್ನಿಯೂ ಸೇರಿದಂತೆ, ದೂರದ ದಾರಿಗೆ ನಂಬಬಾರದು. ಪೆಟ್ರೋಲಿನ ರಬ್ಬರ್ ನಳಿಕೆಗಳದ್ದೂ ಇದೇ ಕಥೆ. ಇಂದಿನ ಪೆಟ್ರೋಲಿನಲ್ಲಿ ಬೆರೆತಿರುವ ಎಥೆನಾಲ್ ಹಳೆಯ ರಬ್ಬರನ್ನು ಮೆದುವಾಗಿಸಿ ಸೋರುವಂತೆ ಮಾಡುವುದರಿಂದ, ಎಥೆನಾಲ್ ತಾಳುವ ಹೊಸ ನಳಿಕೆ ಹಾಕಿಸುವುದು ಅಗತ್ಯ. ಬಿಸಿ ಎಂಜಿನ್ನಿನ ಮೇಲೆ ತೊಟ್ಟಿಕ್ಕುವ ಪೆಟ್ರೋಲ್ ಎಂದರೆ ಬೆಂಕಿ. ಅಗ್ನಿಶಾಮಕ ಸಾಧನವನ್ನು ಡಿಕ್ಕಿಯಲ್ಲಲ್ಲ, ಚಾಲಕನ ಕೈಗೆಟಕುವಲ್ಲಿ ಇಡಬೇಕು.

ರೇಡಿಯೇಟರನ್ನು ತೊಳೆಸಿ, ಹೋಸ್‌ಗಳನ್ನು ಹಿಸುಕಿ ನೋಡಿ, ಫ್ಯಾನ್ ಬೆಲ್ಟನ್ನು ಬದಲಿಸಿ ಹಳೆಯದನ್ನು ಜೊತೆಗಿಟ್ಟುಕೊಂಡರೆ ನೀರಿನ ವಿಷಯ ಹೆಚ್ಚುಕಡಿಮೆ ಮುಗಿದಂತೆ. ಆದರೂ ಏರಿನಲ್ಲಿ ಉಷ್ಣತೆಯ ಮುಳ್ಳು ಮೇಲೇರತೊಡಗಿದರೆ, ಕುದಿಯುವವರೆಗೆ ಕಾಯದೆ ನಿಲ್ಲಿಸಬೇಕು. ಬಿಸಿ ರೇಡಿಯೇಟರಿನ ಮುಚ್ಚಳವನ್ನು ಯಾವ ಕಾರಣಕ್ಕೂ ತೆಗೆಯಬಾರದು. ಮುಳ್ಳು ಸರಿಯಿದ್ದೂ ಎಂಜಿನ್ ಮುಕ್ಕರಿಸಿ ನಿಂತರೆ, ಎಂಜಿನ್ನಿಗೆ ಪೆಟ್ರೋಲ್ ಹಾಯಿಸುವ ಪಂಪ್ ಬಿಸಿಯಾಗಿ ಇಂಧನ ಒಳಗೇ ಆವಿಯಾಗಿರುವ ಸಂಭವವುಂಟು. ಒದ್ದೆ ಬಟ್ಟೆಯನ್ನು ಪಂಪಿಗೆ ಸುತ್ತಿ ಅರ್ಧ ಗಂಟೆ ಬಿಟ್ಟರೆ ಸಾಮಾನ್ಯವಾಗಿ ಮತ್ತೆ ಹೊರಡುತ್ತದೆ.

ಎಂಜಿನ್ನಿನಲ್ಲಿ ಪೆಟ್ರೋಲನ್ನು ಹೊತ್ತಿಸುವ ಕಿಡಿಯ ವ್ಯವಸ್ಥೆಗೆ ಪಾಯಿಂಟ್ (ಕಿಡಿಗಾಗಿ ವಿದ್ಯುತ್ತನ್ನು ಕಡಿದು ಕೂಡಿಸುವ ಭಾಗ), ಅದಕ್ಕೆ ಜೋಡಿಸಿದ ಕಂಡೆನ್ಸರ್, ಕಿಡಿಯನ್ನು ಪ್ರತಿ ಸಿಲಿಂಡರಿಗೂ ಹಂಚುವ ರೋಟರ್, ಪಾಯಿಂಟಿನ ಸಂದು ಅಳೆಯುವ ಫೀಲರ್ ಗೇಜ್ ಇವಿಷ್ಟು ಜೊತೆಗಿರಲಿ. ತಣ್ಣಗಿದ್ದಾಗ ಚೆನ್ನಾಗಿ ಓಡಿ ಬಿಸಿಯಾದೊಡನೆ ಮಿಸ್ ಹೊಡೆಯುವ ಎಂಜಿನ್ನಿನಲ್ಲಿ ನಾನು ಮೊದಲು ಅನುಮಾನಿಸುವುದು ಕಂಡೆನ್ಸರನ್ನೇ. ಹೊಸ ಬಿಡಿಭಾಗಗಳೆಲ್ಲ ಒಳ್ಳೆಯವೇ ಇರುವುದಿಲ್ಲವಾದ್ದರಿಂದ, ಅಂಗಡಿಯಿಂದ ತಂದ ಪೊಟ್ಟಣವನ್ನು ಹಾಗೆಯೇ ಒಯ್ಯುವ ಬದಲು, ಒಂದಷ್ಟು ದಿನ ಕಾರಿಗೆ ಹಾಕಿ ಓಡಿಸಿ ಪರೀಕ್ಷಿಸಿದ ಕಂಡೆನ್ಸರನ್ನು ತೆಗೆದಿಟ್ಟುಕೊಳ್ಳುವುದು ಜಾಣತನ. ಇನ್ನು ಬ್ಯಾಟರಿ ತುಂಬಲು ಹಳೆಯ ಬಗೆಯ ಡೈನಮೋ ಇರುವ ಕಾರು ನಿಧಾನಗತಿಯಲ್ಲಿ ಬ್ಯಾಟರಿಗೆ ಏನನ್ನೂ ಕೊಡುವುದಿಲ್ಲವೆನ್ನಬೇಕು. ಹೆಡ್‌ಲೈಟ್ ಹಾಕಿಕೊಂಡು ವಾಹನದಟ್ಟಣೆಯಲ್ಲಿ ತೆವಳುವ ಪ್ರಸಂಗ ಬಾರದಂತೆ ಕತ್ತಲಾಗುವ ಮೊದಲೇ ತಂಗುವ ಊರು ಸೇರಬೇಕು. ಅನೇಕ ಹಳೆಯ ಕಾರುಗಳು 6 ವೋಲ್ಟಿನವು, ಕೆಲವದರಲ್ಲಿ ಬ್ಯಾಟರಿಯ ಧನಾಗ್ರವೇ ಕಾರಿನ ಒಡಲಿಗೆ ಜೋಡಣೆಯಾಗಿರುತ್ತದೆ. ಸಹಾಯಕ್ಕೆ ಬಂದವರು ತಮ್ಮ ಹೊಸ ಕಾರಿನ ಬ್ಯಾಟರಿಯಿಂದ ನಿಮ್ಮದಕ್ಕೆ ತಂತಿ ಜೋಡಿಸುವ ಮುನ್ನ ಇದನ್ನು ಅವರಿಗೆ ಹೇಳಲೇಬೇಕು.

ಅತಿ ಹೆಚ್ಚು ಎಚ್ಚರ ಬೇಕಾದದ್ದು ಬ್ರೇಕಿನ ವಿಷಯದಲ್ಲಿ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕನ್ನು ಒತ್ತಿಹಿಡಿದೇ ಇಳಿದರೆ ಚಕ್ರದೊಳಗಿನ ಬ್ರೇಕ್ ಡ್ರಮ್‌ಗಳು ಕಾದು ಹಿಡಿತವೇ ಇಲ್ಲದಂತಾಗುತ್ತದೆ. ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಡಿಒಟಿ 4 ಎಂಬ ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ನಿಯಮ. ತೇವ ಹೀರಿದ ದ್ರವಕ್ಕೆ ಆ ಮಿತಿ 155 ಮಾತ್ರ. ದ್ರವ ಕುದಿದರೆ ಪೆಡಲ್ ನೆಲಕ್ಕೆ ತಾಗುತ್ತದೆ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸಿ, ಇಳಿಜಾರು ಆರಂಭವಾಗುವ ಮೊದಲೇ ಕೆಳಗಿನ ಗೇರಿಗೆ ಬಂದು, ವೇಗವನ್ನು ಎಂಜಿನ್ನಿಗೇ ತಡೆಯಬಿಡಬೇಕು. ಬಹಳಷ್ಟು ಹಳೆಯ ಕಾರುಗಳಲ್ಲಿ ನಾಲ್ಕು ಚಕ್ರಕ್ಕೂ ಒಂದೇ ದ್ರವಮಾರ್ಗವಿರುವುದರಿಂದ ಒಂದು ನಳಿಕೆ ಒಡೆದರೆ ಕೈಬ್ರೇಕಷ್ಟೇ ಗತಿ. ಮುಂದಿನ ವಾಹನದಿಂದ ಧಾರಾಳ ಅಂತರವಿರಲಿ, ಆ ಜಾಗಕ್ಕೆ ಯಾರೇ ನುಗ್ಗಿದರೂ ಮತ್ತೆ ಹಿಂದೆ ಸರಿಯುವ ತಾಳ್ಮೆಯಿರಲಿ.

ದಿನಕ್ಕೆ 250 ಕಿಲೋಮೀಟರ್ ಸಾಕು. ಕಾರಿನ ಗರಿಷ್ಠ ವೇಗದ ಮೂರನೆಯ ಎರಡು ಭಾಗವನ್ನು ಮೀರದೆ ಓಡಿಸಿದರೆ ಅದರ ದನಿಯಲ್ಲಿನ ಬದಲಾವಣೆಯೂ ಕಿವಿಗೆ ಬೀಳುತ್ತದೆ. ಒಂದೂವರೆ ಗಂಟೆಗೊಮ್ಮೆ ನಿಲ್ಲಿಸಿ, ಪ್ರತಿ ಚಕ್ರದ ನಡುಭಾಗದ ಹತ್ತಿರ ಅಂಗೈ ಹಿಡಿದು ನೋಡಬೇಕು. ಒಂದು ಮಾತ್ರ ಉಳಿದ ಮೂರಕ್ಕಿಂತ ಬಿಸಿಯಾಗಿದ್ದರೆ ಬೇರಿಂಗ್ ಸವೆದಿದೆ, ಇಲ್ಲವೇ ಬ್ರೇಕ್ ಹಿಡಿದುಕೊಂಡಿದೆ. ಪೆಟ್ರೋಲಿನ ಮುಳ್ಳನ್ನು ನಂಬದೆ, ಓಡಿದ ದೂರದ ಲೆಕ್ಕವಿಟ್ಟು ಟ್ಯಾಂಕ್ ಅರ್ಧವಾದಾಗಲೇ ತುಂಬಿಸಬೇಕು.

ರಾತ್ರಿ ನಿಲ್ಲಿಸಿದಾಗ ಎಂಜಿನ್ನಿನಡಿ ಒಂದು ರಟ್ಟಿನ ಹಾಳೆ ಹಾಸಿಡುವುದು ನನ್ನ ರೂಢಿ. ಹಳೆಯ ಕಾರು ನಾಲ್ಕು ಹನಿ ಎಣ್ಣೆ ಸುರಿಸುವುದು ಸಹಜ. ಬೆಳಿಗ್ಗೆ ನೋಡುವಾಗ ನಿನ್ನೆಯ ಕಲೆ ಎಲ್ಲಿತ್ತೋ ಅಲ್ಲೇ, ಅಷ್ಟೇ ಇದ್ದರೆ ಎಣ್ಣೆಯ ಮಟ್ಟ ನೋಡಿಕೊಂಡು ಹೊರಡಬಹುದು. ಹೊಸ ಜಾಗದಲ್ಲಿ ಹೊಸ ಕಲೆ ಕಂಡರೆ, ಅದು ಎಲ್ಲಿಂದ ಬಂತೆಂದು ತಿಳಿಯುವವರೆಗೆ ಕಾರನ್ನು ಹೊರಡಿಸಬಾರದು.