ಬಿದ್ದ ಎಲೆ ಹೆಕ್ಕಿದವನಿಗೆ ಸಿಕ್ಕ ಪತಂಗ

ನಮ್ಮ ದೇಶದ ಪತಂಗಗಳ ಪಟ್ಟಿಗೆ ಒಂದು ಹೆಸರು ಹೊಸದಾಗಿ ಸೇರುತ್ತಿದೆ. ಸೇರಿಸುತ್ತಿರುವವನು ನಾನು. ರೆಕ್ಕೆ ಬಿಚ್ಚಿದರೂ ತುದಿಯಿಂದ ತುದಿಗೆ ನಾಲ್ಕು ಮಿಲಿಮೀಟರ್ ದಾಟದ ಹುಳು. ನೆಪ್ಟಿಕ್ಯುಲಿಡೇ ಕುಟುಂಬ, ಸ್ಟಿಗ್ಮೆಲ್ಲಾ ಕುಲ. ಜಾತಿ ಯಾವುದು, ಮರ ಯಾವುದು ಅಂತ ಪ್ರಬಂಧ ಅಚ್ಚಾಗುವವರೆಗೆ ಬಾಯಿ ಬಿಡುವುದಿಲ್ಲ, ಕೇಳಬೇಡಿ. ಗಡಿಯಾಚೆ ಇದು ಅಪರೂಪದ್ದೇನಲ್ಲ. ನಮ್ಮಲ್ಲಿ ಇದೆ ಎಂದು ಮಾತ್ರ ಯಾರೂ ಬರೆದಿಟ್ಟಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಇದನ್ನು ನೆಲದ ಮೇಲೆ ಹುಡುಕುತ್ತೇನೆ ಎಂದಾಗ ಜೊತೆಯವರು ನಕ್ಕಿದ್ದರು. ಒಬ್ಬ ಹಿರಿಯರಂತೂ "ಕಸ ಗುಡಿಸೋಕೆ ಹೊರಟಿದ್ದೀಯಾ?" ಎಂದರು. ಪತಂಗ ಅಂದರೆ ದೀಪ, ಬಿಳಿ ಪರದೆ, ರಾತ್ರಿ ನಿದ್ದೆಗೇಡು. ನಾನೂ ಅದನ್ನೇ ಮಾಡಿದವನು. ಮರ್ಕ್ಯುರಿ ದೀಪ, ಜನರೇಟರ್, ಪರದೆ, ಆಮೇಲೆ ನೇರಳಾತೀತ ಎಲ್‌ಇಡಿ, ಎಲ್ಲ ಸೇರಿ ಹತ್ತಿರ ಹತ್ತಿರ ಎರಡೂವರೆ ತಿಂಗಳ ಸಂಬಳ ಹೋಯಿತು. ಮೂವತ್ತೈದೋ ನಲವತ್ತೋ ರಾತ್ರಿ ಕೂತೆ. ದೊಡ್ಡ ಪತಂಗಗಳು ಬೇಕಾದಷ್ಟು ಬಂದವು. ನೆಪ್ಟಿಕ್ಯುಲಿಡೇ ಐದೇ ಐದು, ಅದರಲ್ಲೂ ಮೂರರ ರೆಕ್ಕೆಯ ಪುಡಿ ಉದುರಿ ಕೆಲಸಕ್ಕೆ ಬಾರದಂತಾಗಿತ್ತು. ಇವು ದೀಪಕ್ಕೆ ಬರುವುದೇ ಇಲ್ಲ ಅಂತಲ್ಲ. ಬಂದದ್ದು ಪರದೆಯ ಮೇಲೆ ಧೂಳಿನ ಕಣದ ಹಾಗೆ ಕೂತಿರುತ್ತದೆ, ನೀವು ಒರೆಸಿ ಹಾಕಿರುತ್ತೀರಿ.

ಈ ಗುಂಪಿನ ಮರಿಹುಳುಗಳು ರಂಗೋಲಿ ಹುಳುಗಳು: ಎಲೆಯ ಒಳಗೇ ಇದ್ದು ಸುರಂಗ ಕೊರೆಯುತ್ತಾ ಮೇಯುತ್ತವೆ, ಹೊರಗಿನಿಂದ ಆ ಸುರಂಗ ರಂಗೋಲಿ ಎಳೆದ ಹಾಗೆ ಕಾಣುತ್ತದೆ. ಪತಂಗ ಸಿಗದಿದ್ದರೂ ಅದು ಬರೆದ ರಂಗೋಲಿ ಎಲೆಯ ಮೇಲೆ ಉಳಿದಿರುತ್ತದೆ. ಯಾವ ಮರ, ಮೊಟ್ಟೆ ಎಲೆಯ ಯಾವ ಬದಿಗೆ ಅಂಟಿದೆ, ಸುರಂಗದೊಳಗೆ ಹಿಕ್ಕೆ ನೇರ ಗೆರೆಯಾಗಿದೆಯೋ ಸುರುಳಿಯಾಗಿದೆಯೋ, ಇಷ್ಟು ನೋಡಿದರೆ ಅರ್ಧ ಗುರುತು ಸಿಕ್ಕ ಹಾಗೆ. ನನ್ನ ಎಲೆಗಳಲ್ಲಿ ಮೊಟ್ಟೆ ಕೆಳಬದಿಯಲ್ಲಿ, ನಡುನರದ ಪಕ್ಕಕ್ಕೇ ಇತ್ತು. ಹಿಕ್ಕೆ ಮೊದಲು ಕೂದಲಿನಷ್ಟು ತೆಳ್ಳಗೆ ಹೊರಟು, ಆಮೇಲೆ ಅಕ್ಕಪಕ್ಕಕ್ಕೆ ಬಾಗುತ್ತಾ ಸಾಗಿತ್ತು. ಆ ಮರದ ಮೇಲೆ ಇಂಥ ಗೆರೆ ಬರೆಯುವ ಹುಳು ನಮ್ಮ ಪಟ್ಟಿಯಲ್ಲಿ ಇರಲಿಲ್ಲ. ಆದರೆ ಸಿಕ್ಕಿದ್ದೆಲ್ಲ ಖಾಲಿ ಸುರಂಗ. ಹುಳು ಇಳಿದು ಹೋಗಿತ್ತು. ಖಾಲಿ ಮನೆ ತೋರಿಸಿ ಬಾಡಿಗೆದಾರನ ಹೆಸರು ಹೇಳಿದರೆ ಯಾವ ಸಂಪಾದಕ ಒಪ್ಪುತ್ತಾನೆ?

ಎಲೆ ಉದುರುವ ಕಾಲದಲ್ಲಿ ಒಂದು ದಿನ ಸುಮ್ನೆ ಕೂತಿದ್ದಾಗ ನೆಲದಲ್ಲಿ ಒಂದು ಎಲೆ ಕಣ್ಣಿಗೆ ಬಿತ್ತು. ಪೂರ್ತಿ ಹಳದಿ, ಒಂದು ಮೂಲೆ ಮಾತ್ರ ಹಚ್ಚ ಹಸಿರು. ಆಕಾಶಕ್ಕೆ ಹಿಡಿದು ನೋಡಿದೆ. ಹಸಿರಿನ ನಡುವೆ ಸುರಂಗ, ಸುರಂಗದ ತುದಿಯಲ್ಲಿ ತಿಳಿ ಹಳದಿ ಹುಳು. ತಲೆ ಆಡಿಸುತ್ತಾ ಇನ್ನೂ ಮೇಯುತ್ತಿತ್ತು. ಎಲೆ ಸತ್ತರೂ ತನ್ನ ಊಟದಷ್ಟು ಜಾಗವನ್ನು ಅದು ಸಾಯಲು ಬಿಟ್ಟಿರಲಿಲ್ಲ. ಇದಕ್ಕೆ ಹಸಿರು ದ್ವೀಪ ಎನ್ನುತ್ತಾರೆ. ಸೇಬಿನ ಎಲೆ ಕೊರೆಯುವ ಒಂದು ಪತಂಗದಲ್ಲಿ ಈ ಹಸಿರಿನ ಹಿಂದೆ ಹುಳುವಿನೊಳಗಿನ ಬ್ಯಾಕ್ಟೀರಿಯಾ ಇದೆ ಎಂದು 2010ರಲ್ಲಿ ತೋರಿಸಿದ್ದಾರೆ. ಬ್ಯಾಕ್ಟೀರಿಯಾ ಕೊಂದರೆ ಹಸಿರೂ ಮಾಯ.

ನನಗೆ ಬೇಕಿದ್ದದ್ದು ಇಷ್ಟೇ: ಹಳದಿ ಎಲೆಯಲ್ಲಿ ಹಸಿರು ಚುಕ್ಕೆ ಇದ್ದರೆ ಒಳಗೆ ಜೀವ ಇದೆ. ಕೊಂಬೆ ಕೊಂಬೆ ಹತ್ತಬೇಕಿಲ್ಲ, ನೆಲ ನೋಡುತ್ತಾ ನಡೆದರೆ ಸಾಕು. ಖರ್ಚು ಸೊನ್ನೆ. ಬೆನ್ನು ನೋವು ಬೇರೆ ಲೆಕ್ಕ.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಇಪ್ಪತ್ತು ಎಲೆ ತೆಗೆದುಕೊಂಡು, ಹತ್ತರಲ್ಲಿ ಸೂಜಿಯಿಂದ ಹುಳುವನ್ನು ಕೊಂದೆ, ಹತ್ತನ್ನು ಹಾಗೇ ಬಿಟ್ಟೆ. ಹುಳು ಸತ್ತ ಎಲೆಗಳ ಹಸಿರು ನಾಲ್ಕೈದು ದಿನಕ್ಕೆ ಮಂಕಾಯಿತು. ಉಳಿದವು ಎರಡು ವಾರದ ಹತ್ತಿರ ಬಂದವು. ಸೂಜಿ ಚುಚ್ಚಿದ್ದಕ್ಕೇ ಎಲೆ ಬೇಗ ಕೆಟ್ಟಿತೋ ಏನೋ, ಖಾಲಿ ಜಾಗಕ್ಕೂ ಚುಚ್ಚಿ ಹೋಲಿಸಬೇಕಿತ್ತು, ಹೊಳೆಯಲಿಲ್ಲ. ಪ್ರಬಂಧಕ್ಕೆ ಹಾಕಿಲ್ಲ.

ಹೆಕ್ಕುವುದು ಸುಲಭ, ಸಾಕುವುದು ಕಷ್ಟ. ಮೊದಲ ವರ್ಷ ಸುಮಾರು 340 ಎಲೆ ತಂದೆ. ಡಬ್ಬಿಗೆ ಒದ್ದೆ ಟಿಶ್ಯೂ ಹಾಸಿ, ಮುಚ್ಚಳ ಬಿಗಿದೆ. ವಾರಕ್ಕೆಲ್ಲ ಬೂಷ್ಟು. ಮುಚ್ಚಳ ತೆಗೆದರೆ ಮೂಗು ಮುಚ್ಚಿಕೊಳ್ಳಬೇಕು. ಬೂಷ್ಟಿನಿಂದ ಪಾರಾದ ಹುಳುಗಳು ಎಲೆಯಿಂದ ಇಳಿದು ಟಿಶ್ಯೂ ಮಡಿಕೆಯಲ್ಲಿ ಗೂಡು ಕಟ್ಟಿದವು, ನಲವತ್ತರಷ್ಟು. ಖುಷಿಯಾದೆ. ಮೂರು ವಾರಕ್ಕೆ ಹೊರಗೆ ಬಂದದ್ದು ಏನು? ಕಣಜ. ಯೂಲೋಫಿಡೇ ಕುಟುಂಬದ, ಹಸಿರು ಲೋಹದಂತೆ ಮಿನುಗುವ ಪುಟ್ಟ ಪರಾವಲಂಬಿಗಳು. ನೋಡೋಕೆ ಚೆನ್ನಾಗಿದ್ದವು, ಆ ಹೊತ್ತಿಗೆ ಒಂದೊಂದನ್ನೂ ಹೊಸಕಿ ಹಾಕಬೇಕು ಅನ್ನಿಸಿತ್ತು. ಪತಂಗ ಒಂದೂ ಇಲ್ಲ.

ಎರಡನೇ ವರ್ಷ ಗೂಡುಗಳನ್ನು ಮನೆಯೊಳಗೆ, ಕಪಾಟಿನಲ್ಲಿ ಜೋಪಾನ ಮಾಡಿದೆ. ಅದೇ ತಪ್ಪು. ಗೂಡಿನೊಳಗಿನ ಹುಳುವಿಗೆ ಹೊರಗಿನ ಚಳಿ ತಾಗಬೇಕು, ಇಲ್ಲದಿದ್ದರೆ ಅದಕ್ಕೆ ಕಾಲ ಬದಲಾಗಿದ್ದೇ ತಿಳಿಯುವುದಿಲ್ಲ. ಐವತ್ತಕ್ಕೂ ಜಾಸ್ತಿ ಗೂಡು ಒಣಗಿ ತರಗಾದವು. ಇದೇ ವರ್ಷ ಇನ್ನೊಂದು ಪೆಟ್ಟು ಬಿತ್ತು. ಕಾಯುವ ತಾಳ್ಮೆ ಇಲ್ಲದೆ ಮೂರು ಹುಳುಗಳನ್ನು ಆಲ್ಕೊಹಾಲಿಗೆ ಹಾಕಿ ಡಿಎನ್‌ಎ ಬಾರ್‌ಕೋಡಿಗೆ, ಅಂದರೆ ಜಾತಿ ಗುರುತಿಸುವ ಡಿಎನ್‌ಎ ತುಣುಕನ್ನು ಓದಿಸಲು, ಕಳಿಸಿದೆ. ಸಾಗಣೆ ಎಲ್ಲ ಸೇರಿ ಕಾಲು ತಿಂಗಳ ಸಂಬಳ. ಎರಡು ಮಾದರಿ ಓದಲೇ ಆಗಲಿಲ್ಲ. ಮೂರನೆಯದು ಚೆನ್ನಾಗಿ ಬಂತು, 658 ಅಕ್ಷರವೂ ಪೂರ್ತಿ. ಹೋಲಿಸಿ ನೋಡಿದರೆ ಕಣಜದ್ದು! ಹುಳುವಿನ ಹೊಟ್ಟೆಯೊಳಗೆ ಕಣಜದ ಮರಿ ಕೂತಿತ್ತು. ದುಡ್ಡು ಕೊಟ್ಟು ಶತ್ರುವಿನ ಜಾತಕ ಬರೆಸಿಕೊಂಡ ಹಾಗಾಯಿತು. ಮನೆಯಲ್ಲಿ ಈ ಲೆಕ್ಕವನ್ನು ಇವತ್ತಿಗೂ ಹೇಳಿಲ್ಲ.

ಮೂರನೇ ವರ್ಷ ಮಣ್ಣಿನ ಕುಂಡ ತಂದೆ. ಎಲೆಗಳನ್ನು ಒಂದರ ಮೇಲೊಂದು ಒಟ್ಟದೆ ಬಿಡಿಬಿಡಿಯಾಗಿ ಹರಡಿದೆ. ಹುಳು ಇಳಿದ ದಿನವೇ ಆ ಎಲೆಯನ್ನು ತೆಗೆದು ಒಣಗಿಸಿ, ಅದಕ್ಕೂ ಗೂಡಿಗೂ ಒಂದೇ ನಂಬರ್ ಹಾಕಿದೆ. ಈ ನಂಬರ್ ಕೆಲಸದಲ್ಲಿ ಸೋಮಾರಿತನ ಬೇಡ. ಯಾವ ಪತಂಗ ಯಾವ ಸುರಂಗದಿಂದ ಬಂತು ಎಂಬ ಸಾಕ್ಷಿ ಇಲ್ಲದಿದ್ದರೆ ಅರ್ಧ ಶ್ರಮ ನೀರು ಪಾಲು. ಕುಂಡಕ್ಕೆ ಬಲೆ ಬಟ್ಟೆ ಬಿಗಿದು ಮನೆಯ ಹೊರಗೆ, ಮಳೆ ನೇರ ಬೀಳದ ಕಡೆ ಇಟ್ಟೆ. ಕುಂಡದ ತಳಕ್ಕೆ ಏನು ಹಾಸಿದೆ, ತೇವ ಹೇಗೆ ಹಿಡಿದಿಟ್ಟೆ ಅನ್ನೋದು ನನ್ನ ಹತ್ತಿರವೇ ಇರಲಿ. ಎರಡು ವರ್ಷ ಬೂಷ್ಟು ಕುಡಿದು ಕಲಿತದ್ದು ಅದು.

ಐದು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಬಲೆ ಬಟ್ಟೆಯ ಒಳಮೈಯಲ್ಲಿ ಏನೋ ಓಡಿತು. ಹಾರಲಿಲ್ಲ, ಓಡಿತು. ಇವುಗಳ ಓಟ ನೋಡಿದವರಿಗೆ ಬೇರೆ ಗುರುತು ಬೇಡ. ಗಾಜಿನ ನಳಿಗೆ ಇಳಿಸಿ ಮಸೂರ ಹಿಡಿದೆ. ತಲೆಯ ಮೇಲೆ ಕೆಂಪು ಮಿಶ್ರಿತ ಹಳದಿ ಜುಟ್ಟು, ಕಣ್ಣಿಗೆ ಟೋಪಿ ಹಾಕಿದಂತೆ ಕುಡಿಮೀಸೆಯ ಅಗಲವಾದ ಬುಡ, ಕಪ್ಪು ರೆಕ್ಕೆಗೆ ಅಡ್ಡಲಾಗಿ ಒಂದು ಬೆಳ್ಳಿ ಪಟ್ಟಿ. ಕೈ ನಡುಗುತ್ತಿತ್ತು. ಆ ವಾರದಲ್ಲಿ ಒಟ್ಟು ಒಂಬತ್ತು ಬಂದವು, ನಾಲ್ಕು ಗಂಡು, ಐದು ಹೆಣ್ಣು.

ಮೊದಲ ಗಂಡನ್ನು ನಾನೇ ಹಾಳು ಮಾಡಿದೆ. ಹೊಟ್ಟೆಯನ್ನು ಪೊಟ್ಯಾಷಿಯಂ ಹೈಡ್ರಾಕ್ಸೈಡಿನಲ್ಲಿ ಬಿಸಿ ಮಾಡಿ, ತೊಳೆದು, ಸ್ಲೈಡಿನ ಮೇಲಿಟ್ಟು, ಜಾತಿ ಗುರುತಿಗೆ ಬೇಕಾದ ಜನನಾಂಗ ಬಿಡಿಸುತ್ತಿದ್ದಾಗ ಒಂದು ಸೀನು ಬಂತು. ಅಷ್ಟೇ. ಟೇಬಲ್ಲು, ನೆಲ, ಅಂಗಿ ಎಲ್ಲ ಹುಡುಕಿದೆ, ಸಿಗಲಿಲ್ಲ. ಉಳಿದ ಮೂರಕ್ಕೆ ದಾರಿ ಬದಲಿಸಿದೆ. ಹೊಟ್ಟೆಯನ್ನು ಅರೆಯದೆ ಇಡಿಯಾಗಿ ಡಿಎನ್‌ಎ ತೆಗೆಯುವ ದ್ರಾವಣಕ್ಕೆ ಹಾಕಿಸಿದೆ. ಮಾಂಸ ಕರಗಿ ಡಿಎನ್‌ಎ ಬರುತ್ತದೆ, ಗಟ್ಟಿ ಭಾಗ ಹಾಗೇ ಉಳಿದು ಸ್ಲೈಡಿಗೆ ಸಿಗುತ್ತದೆ. ಒಂದೇ ಹುಳುವಿನಿಂದ ಬಾರ್‌ಕೋಡ್, ಜನನಾಂಗದ ಸ್ಲೈಡ್, ರೆಕ್ಕೆ, ಜೊತೆಗೆ ಅದರದ್ದೇ ಎಲೆ. ಇಷ್ಟನ್ನು ಮುಂದಿಟ್ಟ ಮೇಲೆ ಗುಂಪಿನ ತಜ್ಞರೊಬ್ಬರು ಎರಡೇ ದಿನಕ್ಕೆ ಹೌದು ಎಂದು ಬರೆದರು. ಬಾರ್‌ಕೋಡ್ ಗಡಿಯಾಚೆಯ ಮಾದರಿಗಳಿಗೆ ಶೇ. 99ಕ್ಕಿಂತ ಮೇಲೆ ಹೊಂದಿತ್ತು.

ಕಸ ಗುಡಿಸೋಕೆ ಎಂದಿದ್ದ ಹಿರಿಯರು ಫೋನ್ ಮಾಡಿ, "ಸರಿ ಮಾರಾಯ, ಆದರೆ ಇದು ಮೊದಲಿಂದ ಇದ್ದದ್ದೋ ಈಗ ಬಂದದ್ದೋ?" ಎಂದರು. ಅದು ಸರಿಯಾದ ಪ್ರಶ್ನೆಯೇ. ಕುದುರೆ ಚೆಸ್ಟ್‌ನಟ್ ಮರದ ಎಲೆ ಕೊರೆಯುವ ಪತಂಗದ ಕಥೆ ಗೊತ್ತಲ್ವಾ? 1984ರಲ್ಲಿ ಯುರೋಪಿನ ಓಹ್ರಿಡ್ ಸರೋವರದ ಹತ್ತಿರ ಕಣ್ಣಿಗೆ ಬಿತ್ತು, 1986ರಲ್ಲಿ ಹೆಸರು ಬಂತು, ಎಲ್ಲಿಂದ ಬಂತೋ ಎಂದು ವರ್ಷಗಟ್ಟಲೆ ಜಗಳ. ಕೊನೆಗೆ ಗ್ರೀಸಿನಲ್ಲಿ 1879ರಲ್ಲೇ ಒತ್ತಿ ಒಣಗಿಸಿದ್ದ ಎಲೆಯೊಳಗೆ ಅದರ ಹುಳು ಸಿಕ್ಕಿತು. ಗಿಡ ಸಂಗ್ರಹಿಸಿದವರು ಗೊತ್ತಿಲ್ಲದೆ ಹುಳುವನ್ನೂ ಸಂಗ್ರಹಿಸಿದ್ದರು.

ಹಾಗಾಗಿ ನಾನೂ ಒಂದು ಹರ್ಬೇರಿಯಂಗೆ, ಅಂದರೆ ಗಿಡಗಳನ್ನು ಒಣಗಿಸಿ ಹಾಳೆಗೆ ಅಂಟಿಸಿ ಕಾಪಾಡುವ ಸಂಗ್ರಹಕ್ಕೆ, ಹೋಗಿ ನನ್ನ ಮರದ ಹಾಳೆಗಳನ್ನೆಲ್ಲ ತೆಗೆಸಿದೆ. ಇನ್ನೂರರ ಮೇಲಿದ್ದವು. ಮೂರನೇ ದಿನ ಮಧ್ಯಾಹ್ನ, ನಾನು ಹುಟ್ಟುವುದಕ್ಕೂ ಮುಂಚಿನ ಒಂದು ಹಾಳೆಯಲ್ಲಿ, ಕಂದು ಬಣ್ಣಕ್ಕೆ ತಿರುಗಿದ ಎಲೆಯ ಮೇಲೆ ಆ ಗೆರೆ ಕಂಡಿತು. ಮೊಟ್ಟೆಯ ಸಿಪ್ಪೆ ಕೆಳಬದಿಯಲ್ಲಿ, ನಡುನರದ ಪಕ್ಕ. ಹಿಕ್ಕೆ ಮೊದಲು ಕೂದಲೆಳೆ, ಆಮೇಲೆ ಬಾಗು. ಸುರಂಗದ ತುದಿಗೆ ಬೆಳಕು ಹಿಡಿದರೆ ಒಳಗೆ ಒಂದು ಒಣ ನೆರಳು, ಇಳಿಯದೆ ಸತ್ತ ಹುಳು. ಅದರಿಂದ ಡಿಎನ್‌ಎ ತೆಗೆಯಲು ಎಲೆಯ ಒಂದು ಚೂರು ಕತ್ತರಿಸಬೇಕು. ಅಕ್ಕಿಕಾಳಿನಷ್ಟು ಸಾಕು. ಅರ್ಜಿ ಕೊಟ್ಟು ಏಳು ತಿಂಗಳಾಯಿತು, ಇನ್ನೂ ಉತ್ತರ ಬಂದಿಲ್ಲ.