ಫೈರ್ ಪ್ರೊಟೆಕ್ಷನ್ ಓದಿ ಸ್ಪ್ರಿಂಕ್ಲರ್ ಡಿಸೈನರ್ ಆಗುವುದು ಹೇಗೆ?

ಅಮೆರಿಕದ ಕಮ್ಯುನಿಟಿ ಕಾಲೇಜುಗಳ ಎರಡು ವರ್ಷದ ಈ ಕೋರ್ಸಿಗೆ ಒಂದೊಂದು ಕಡೆ ಒಂದೊಂದು ಹೆಸರು: ಫೈರ್ ಟೆಕ್ನಾಲಜಿ, ಫೈರ್ ಸೈನ್ಸ್, ಫೈರ್ ಪ್ರೊಟೆಕ್ಷನ್. ಹೆಸರು ನೋಡಿ ಸೇರಿ, ಅರ್ಧ ದಾರಿಯಲ್ಲಿ ತಲೆ ಕೆರೆದುಕೊಳ್ಳುವವರು ಬಹಳ.

1. ದಾರಿ ಆರಿಸಿಕೊಳ್ಳಿ. ಬೆಂಕಿ ನಂದಿಸುವ ಕೆಲಸವೇ ಬೇಕೆಂದರೆ ಪದವಿಯೊಂದೇ ಸಾಲದು. ಇಎಂಟಿ (ತುರ್ತು ವೈದ್ಯಕೀಯ ಸಹಾಯಕ) ಪ್ರಮಾಣಪತ್ರ, ಫೈರ್ ಅಕಾಡೆಮಿ, ಜೊತೆಗೆ ಅನೇಕ ಕಡೆ ಸಿಪ್ಯಾಟ್ ಎಂಬ ದೈಹಿಕ ಸಾಮರ್ಥ್ಯದ ಪರೀಕ್ಷೆ: 50 ಪೌಂಡ್ ತೂಕದ ಜಾಕೆಟ್ ತೊಟ್ಟು 8 ಕೆಲಸಗಳನ್ನು 10 ನಿಮಿಷ 20 ಸೆಕೆಂಡಿನೊಳಗೆ ಮುಗಿಸಬೇಕು. ಪೌರತ್ವ ಕೇಳುವ ಇಲಾಖೆಗಳೂ ಉಂಟು, ವಿದ್ಯಾರ್ಥಿ ವೀಸಾದವರು ಮೊದಲೇ ವಿಚಾರಿಸಿ. ಲೆಕ್ಕ, ನಕ್ಷೆ ಒಗ್ಗುವವರಿಗೆ ಸ್ಪ್ರಿಂಕ್ಲರ್ (ಬೆಂಕಿ ಬಿದ್ದಾಗ ತಾನಾಗಿ ನೀರು ಚಿಮ್ಮಿಸುವ ಪೈಪಿನ ವ್ಯವಸ್ಥೆ) ಕಡೆಯ ದಾರಿಯೇ ವಾಸಿ.

2. ಪಠ್ಯಕ್ರಮ ಓದಿ. ‘ಹೈಡ್ರಾಲಿಕ್ಸ್’ ಎಂದಿದ್ದರೆ ಸಾಲದು, ಕೆಲವು ಕಡೆ ಅದು ಬರೀ ಫೈರ್ ಎಂಜಿನ್ ಪಂಪು, ಹೋಸುಗಳ ಪಾಠ. ‘ಫೈರ್ ಪ್ರೊಟೆಕ್ಷನ್ ಸಿಸ್ಟಮ್ಸ್’ ವಿಷಯ ಇರಲೇಬೇಕು.

3. ಲೆಕ್ಕ ಕೈಯಲ್ಲೇ ಮಾಡಿ ಕಲಿಯಿರಿ. ಎಡವುವುದು ಇಲ್ಲೇ. ಕಚೇರಿಯಂಥ ಕಡಿಮೆ ಅಪಾಯದ ಕಟ್ಟಡ ಎಂದುಕೊಳ್ಳಿ. ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎಯ ಸ್ಪ್ರಿಂಕ್ಲರ್ ಸಂಹಿತೆಯಾದ ಎನ್‌ಎಫ್‌ಪಿಎ 13ರ ಪ್ರಕಾರ 1,500 ಚದರ ಅಡಿ ಜಾಗದಲ್ಲಿ ಪ್ರತಿ ಚದರ ಅಡಿಗೆ ನಿಮಿಷಕ್ಕೆ 0.1 ಗ್ಯಾಲನ್ ನೀರು ಬೀಳಬೇಕು. ಲೀಟರ್, ಬಾರ್ ರೂಢಿಯಿದ್ದವರು ಗ್ಯಾಲನ್, ಪಿಎಸ್‌ಐಗೇ (ಚದರ ಇಂಚಿಗೆ ಎಷ್ಟು ಪೌಂಡ್ ಒತ್ತಡ ಎಂಬ ಅಳತೆ) ಒಗ್ಗಿಕೊಳ್ಳಿ, ನಡುವೆ ಪರಿವರ್ತಿಸಲು ಹೋಗಬೇಡಿ.

ಒಂದು ಹೆಡ್ (ನೀರು ಚಿಮ್ಮುವ ಬಾಯಿ) 225 ಚದರ ಅಡಿ ನೋಡಿಕೊಂಡರೆ ಅದರಿಂದ ನಿಮಿಷಕ್ಕೆ 22.5 ಗ್ಯಾಲನ್ ಬರಬೇಕು. ಸೂತ್ರ: ಹರಿವು = ಕೆ × ಒತ್ತಡದ ವರ್ಗಮೂಲ. ಕೆ ಎಂದರೆ ಹೆಡ್ ಎಷ್ಟು ನೀರು ಬಿಡುತ್ತದೆ ಎಂಬುದರ ಅಂಕಿ; ಅದು 5.6 ಆದರೆ ಬೇಕಾದ ಒತ್ತಡ 16.1 ಪಿಎಸ್‌ಐ. ‘ಕನಿಷ್ಠ 7 ಪಿಎಸ್‌ಐ’ ಎಂಬ ನಿಯಮ ಹಿಡಿದು ಅಲ್ಲಿಗೇ ನಿಲ್ಲಿಸುವವರಿಗೆ ಸಿಗುವುದು 14.8 ಗ್ಯಾಲನ್ ಮಾತ್ರ. ಎರಡರಲ್ಲಿ ಯಾವುದು ಹೆಚ್ಚೋ ಅದೇ ಲೆಕ್ಕಕ್ಕೆ.

ಇನ್ನೊಂದು ತಪ್ಪು, 1,500 ಚದರ ಅಡಿಗೆ ಬೇಕಾದ ಏಳು ಹೆಡ್ಡಿಗೆ 22.5ರಂತೆ ಗುಣಿಸಿ 157.5 ಎಂದು ಬರೆದುಬಿಡುವುದು. ತುದಿಯ ಹೆಡ್‌ನಿಂದ ಹಿಂದಕ್ಕೆ ಬರುತ್ತ ಒಂದಿಂಚಿನ ಷೆಡ್ಯೂಲ್ 40 (ಗೋಡೆಯ ದಪ್ಪದ ದರ್ಜೆ) ಪೈಪಿನಲ್ಲಿ 15 ಅಡಿಗೆ ಘರ್ಷಣೆಯಿಂದ ಸುಮಾರು 2.4 ಪಿಎಸ್‌ಐ ಕಳೆಯುತ್ತದೆ (ಪೈಪಿನ ಒಳಮೈ ನಯ ಹೇಳುವ ಸಿ ಅಂಕಿ 120 ಎಂದುಕೊಂಡು). ಹಾಗಾಗಿ ಎರಡನೇ ಹೆಡ್‌ನಲ್ಲಿ ಒತ್ತಡ 18.5, ಹರಿವು 24.1 ಗ್ಯಾಲನ್. ಪಂಪಿನ ಕಡೆ ಬಂದಷ್ಟೂ ಇದು ಏರುತ್ತಲೇ ಹೋಗುತ್ತದೆ. ಎತ್ತರಕ್ಕೆ ಅಡಿಗೆ 0.433 ಪಿಎಸ್‌ಐ, ಕೊನೆಗೆ ಅಗ್ನಿಶಾಮಕರ ಹೋಸ್‌ಗೆ ನಿಮಿಷಕ್ಕೆ 100 ಗ್ಯಾಲನ್ ಸೇರಿಸಬೇಕು, ಮರೆಯಬೇಡಿ. ಒತ್ತಡ ಸಾಲದೆ ಹೋದರೆ ತಕ್ಷಣ ಪಂಪು ದೊಡ್ಡದು ಮಾಡಬೇಡಿ. ಕೆ 8.0ರ ಹೆಡ್ ಹಾಕಿ ನೋಡಿ: ಅದೇ 22.5 ಗ್ಯಾಲನ್ನಿಗೆ 7.9 ಪಿಎಸ್‌ಐ ಸಾಕು.

ಸಾಫ್ಟ್‌ವೇರ್ ಇದನ್ನೆಲ್ಲ ಕ್ಷಣದಲ್ಲಿ ಮಾಡಿಕೊಡುತ್ತದೆ, ನಿಜ. ಆದರೆ ಹಳಸಿದ ಹೈಡ್ರಂಟ್ ಪರೀಕ್ಷೆಯ (ಬೀದಿಯ ನೀರಿನ ಒತ್ತಡ, ಹರಿವು ಅಳೆಯುವುದು) ಅಂಕಿ ತುಂಬಿದರೂ ಅದು ಚಕಾರ ಎತ್ತುವುದಿಲ್ಲ. ಒಂದು ವರ್ಷ ದಾಟಿದ ಪರೀಕ್ಷೆಯನ್ನು ನಂಬಬೇಡಿ. ಹಾಗೆಯೇ ಅವರಿವರು ಹಂಚುವ ಸಂಹಿತೆಯ ಹಳೇ ಆವೃತ್ತಿಯ ಪಿಡಿಎಫ್‌ಗಳ ಸಹವಾಸವೂ ಬೇಡ. ಎನ್‌ಎಫ್‌ಪಿಎ ತಾಣದಲ್ಲಿ ಖಾತೆ ತೆರೆದರೆ ಸಂಹಿತೆಗಳನ್ನು ಪುಕ್ಕಟೆ ಓದಬಹುದು.

4. ನೈಸೆಟ್ (ಎಂಜಿನಿಯರಿಂಗ್ ತಂತ್ರಜ್ಞರಿಗೆ ಪ್ರಮಾಣಪತ್ರ ಕೊಡುವ ಅಮೆರಿಕದ ಸಂಸ್ಥೆ) ಪರೀಕ್ಷೆಗೆ ಕೂರಿ. ಸ್ಪ್ರಿಂಕ್ಲರ್ ವಿನ್ಯಾಸಕ್ಕೂ ಅಲಾರಂಗೂ ಬೇರೆ ಬೇರೆ, ನಾಲ್ಕು ಹಂತ. ಮೇಲೇರಲು ಕೆಲಸದ ಅನುಭವವನ್ನೂ ತೋರಿಸಬೇಕು, ಆದ್ದರಿಂದ ಮೊದಲ ದಿನದಿಂದಲೇ ಮಾಡಿದ ಕೆಲಸ ಬರೆದಿಡಿ. ‘ವಾರದಲ್ಲಿ ಸರ್ಟಿಫಿಕೇಟ್’ ಎನ್ನುವವರಿಗೆ ದುಡ್ಡು ಕೊಡಬೇಡಿ.

5. ಕೆಲಸ: ಗುತ್ತಿಗೆದಾರರಲ್ಲಿ ಡಿಸೈನರ್, ಎನ್‌ಎಫ್‌ಪಿಎ 25ರಂತೆ ವ್ಯವಸ್ಥೆ ತಪಾಸಣೆ ಮಾಡುವ ತಂತ್ರಜ್ಞ, ನಗರಾಡಳಿತದಲ್ಲಿ ನಕ್ಷೆ ಪರಿಶೀಲಕ, ವಿಮಾ ಕಂಪನಿಯಲ್ಲಿ ಅಪಾಯ ಸಮೀಕ್ಷಕ. ಮೊದಲ ಕೆಲಸಕ್ಕೆ ತಪಾಸಣೆಯೇ ಒಳ್ಳೆಯದು. ತುಕ್ಕು ಹಿಡಿದ ಪೈಪು, ಬಣ್ಣ ಬಳಿದು ಕೆಡಿಸಿದ ಹೆಡ್, ಮುಚ್ಚಿಯೇ ಬಿಟ್ಟ ವಾಲ್ವ್ ಕಂಡವರು ನಕ್ಷೆ ಬರೆಯುವಾಗ ಹುಷಾರಾಗಿರುತ್ತಾರೆ.

ಮುಂದೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಫೈರ್ ಪ್ರೊಟೆಕ್ಷನ್ ಎಂಜಿನಿಯರಿಂಗ್‌ನಂಥ ಪದವಿ ಬೇಕೆಂದಿದ್ದರೆ ಕಮ್ಯುನಿಟಿ ಕಾಲೇಜಿನಲ್ಲೇ ಕ್ಯಾಲ್ಕುಲಸ್, ಭೌತಶಾಸ್ತ್ರ ತೆಗೆದುಕೊಳ್ಳಿ. ಯಾವ ಕ್ರೆಡಿಟ್ ಅಲ್ಲಿ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ಇಮೇಲ್‌ನಲ್ಲಿ ಬರೆಸಿಕೊಳ್ಳಿ.