ಕುಕ್ಕರ್ ಆಯಿತು, ನಾಟಕದ ಟಿಕೆಟ್?

ನಾನು ಇಂಗ್ಲೆಂಡಿನಿಂದ ರಜೆಗೆಂದು ದಾವಣಗೆರೆಗೆ ಬಂದಾಗಲೆಲ್ಲ ಅಲ್ಲಿಗೆ ಹೊರಟವರು ಒಬ್ಬಿಬ್ಬರಾದರೂ ವಿದ್ಯಾನಗರದ ನಮ್ಮ ಮನೆಗೆ ಬಂದು ಕೂರುತ್ತಾರೆ. ಈ ಸಲ ಚಿತ್ರದುರ್ಗದ ಹುಡುಗಿಯೊಬ್ಬಳು ತಾಯಿಯೊಡನೆ ಬಂದಿದ್ದಳು. ಮಂಡಕ್ಕಿ, ಮಿರ್ಚಿ ಮುಗಿಯುವಷ್ಟರಲ್ಲಿ ಪ್ರಶ್ನೆಗಳೂ ಮುಗಿದವು. ಕುಕ್ಕರ್ ಒಯ್ಯಬೇಕೇ, ಜೋಳದ ಹಿಟ್ಟು ಸಿಗುತ್ತದೆಯೇ, ಚಳಿಗೆ ಎಂಥ ಕೋಟು? ಎಲ್ಲವೂ ಸಿಗುತ್ತದೆ, ಅಲ್ಲಿಯೇ ಕೊಳ್ಳಿ. ಯಾರೂ ಕೇಳದ ಸಂಗತಿಯೊಂದನ್ನು ಮಾತ್ರ ನಾನು ಹೇಳುತ್ತೇನೆ: ನಾಟಕ, ಸಂಗೀತಗಳಿಗೆ ಹೋಗುವುದನ್ನು ಮೊದಲೇ ಗೊತ್ತುಮಾಡಿಕೊಳ್ಳಿ.

ಅಕ್ಟೋಬರಿನ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಿಡುತ್ತಾರೆ. ಡಿಸೆಂಬರಿನಲ್ಲಿ ಲಂಡನ್ನಿಗೆ ನಾಲ್ಕಕ್ಕೆಲ್ಲ ಕತ್ತಲು. ಇತ್ತ ಸಾಣೇಹಳ್ಳಿಯ ಬಯಲು ರಂಗಮಂದಿರದಲ್ಲಿ ನಾಟಕೋತ್ಸವ ನಡೆಯುವುದೂ ನವೆಂಬರಿನಲ್ಲೇ. ಮೊದಲ ವರ್ಷ ಊರಿನವರು ಕಳಿಸಿದ ಫೋಟೊ ನೋಡಿಕೊಂಡೇ ಆ ತಿಂಗಳು ಕಳೆದೆ. ಮರುವರ್ಷ ಸೆಪ್ಟೆಂಬರಿನಲ್ಲೇ ಕ್ಯಾಲೆಂಡರಿನ ಮೇಲೆ ಇಂಥ ನಾಲ್ಕು ಕಾರ್ಯಕ್ರಮಗಳಿಗೆ ಗುರುತು ಹಾಕಿದೆ. ಶನಿವಾರ ಏನೋ ಒಂದಿದೆ ಎಂದಾದರೆ ಸೋಮವಾರ ಕತ್ತಲಲ್ಲಿ ಬಸ್ಸಿಗೆ ಕಾಯುವುದು ಅಷ್ಟು ಭಾರವೆನಿಸುವುದಿಲ್ಲ.

ಯುಗಾದಿಗೂ ದೀಪಾವಳಿಗೂ ಕನ್ನಡ ಬಳಗದ ಕಾರ್ಯಕ್ರಮಗಳಿರುತ್ತವೆ. ಊಟಕ್ಕೆ ಮಾತ್ರ ಹೋಗಬೇಡಿ. ಕುರ್ಚಿ ಜೋಡಿಸಲು ಒಂದು ಗಂಟೆ ಮೊದಲೇ ಹೋಗಿ. ಗೆಳೆಯರು ಸಿಗುವುದು ಆಗಲೇ. ಆದರೆ ವರ್ಷಕ್ಕೆರಡು ದಿನ ಯಾವ ಮೂಲೆಗೆ ಸಾಕು? ಲಂಡನ್ನಿನ ನೆಹರೂ ಸೆಂಟರಿನಲ್ಲಿ ಸಂಗೀತ, ನೃತ್ಯ, ಪುಸ್ತಕ ಬಿಡುಗಡೆಗಳಿರುತ್ತವೆ, ಹೆಚ್ಚಿನವು ಉಚಿತ. ವೆಸ್ಟ್ ಕೆನ್ಸಿಂಗ್ಟನ್ನಿನಲ್ಲಿ ಹಳೆಯ ಚರ್ಚೊಂದು ಭಾರತೀಯ ವಿದ್ಯಾಭವನವಾಗಿದೆ. ಅಲ್ಲಿನ ಸಂಗೀತ ಕಛೇರಿಗಳನ್ನು ತಪ್ಪಿಸಬೇಡಿ. ಥೇಮ್ಸ್ ದಂಡೆಯಲ್ಲಿ 2015ರಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯಿದೆ. ಮೊದಲ ತಿಂಗಳಲ್ಲೇ ಒಮ್ಮೆ ನೋಡಿ ಬನ್ನಿ.

ನಮ್ಮವರ ಕಾರ್ಯಕ್ರಮಗಳಿಗೇ ಅಂಟಿಕೊಳ್ಳಬೇಡಿ ಎಂದೂ ಹೇಳಬೇಕು. ಬಾನು ಮುಷ್ತಾಕ್ ಅವರ ಕಥೆಗಳಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲಂತೂ ಬಡಾವಣೆಯ ಗ್ರಂಥಾಲಯದ ಓದುಗರ ಕೂಟದಲ್ಲಿ ನಾನು ಕನ್ನಡದವನೆಂದರೆ ವಿವರಿಸುವ ಶ್ರಮ ಕಡಿಮೆಯಾಗಿದೆ. ಆಗಸ್ಟಿನಲ್ಲಿ ಎಡಿನ್‌ಬರೋದ ಫ್ರಿಂಜ್ ಎಂಬ ರಂಗಕಲೆಗಳ ಉತ್ಸವಕ್ಕೆ ಹೋಗುವುದಾದರೆ ಉಳಿಯುವ ಜಾಗವನ್ನು ತಿಂಗಳುಗಟ್ಟಲೆ ಮೊದಲೇ ಗೊತ್ತುಮಾಡಿ, ಬಾಡಿಗೆ ಕಣ್ಣು ಕುಕ್ಕುತ್ತದೆ. ಅಲ್ಲಿ ಟಿಕೆಟ್ಟಿಲ್ಲದ ಪ್ರದರ್ಶನಗಳೂ ಉಂಟು. ಕೊನೆಗೆ ಕಲಾವಿದರು ಬಕೆಟ್ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾರೆ, ಹರಿಕಥೆಯ ಮಂಗಳಾರತಿ ತಟ್ಟೆಯ ಹಾಗೆ.

ಸಮಯದ ವಿಷಯದಲ್ಲಿ ಮಾತ್ರ ನಮ್ಮೂರನ್ನು ಮರೆತುಬಿಡಿ. ದುಗ್ಗಮ್ಮನ ಜಾತ್ರೆಯ ಕಂಪನಿ ನಾಟಕಗಳನ್ನು ನೋಡಿ ಬೆಳೆದವನು ನಾನು. ಮೂರನೆಯ ಗಂಟೆ ಹೊಡೆಯುವವರೆಗೆ ಹೊರಗೆ ಚಹಾ ಕುಡಿಯುತ್ತಾ ನಿಲ್ಲುವುದೇ ನಮಗೆ ರೂಢಿ. ಲಂಡನ್ನಿನಲ್ಲಿ ಮೊದಲ ನಾಟಕಕ್ಕೆ ನಾಲ್ಕು ನಿಮಿಷ ತಡವಾಗಿ ಓಡಿದೆ. ಬಾಗಿಲಲ್ಲಿದ್ದ ಹೆಂಗಸು ಕ್ಷಮೆ ಕೇಳಿದಳು, ಒಳಗೆ ಮಾತ್ರ ಬಿಡಲಿಲ್ಲ. ಮಧ್ಯಂತರದವರೆಗೆ ಮೊಗಸಾಲೆಯ ಸಣ್ಣ ಟಿವಿಯಲ್ಲಿ, ಅದೂ ಸದ್ದಿಲ್ಲದೆ, ಒಳಗಿನ ರಂಗವನ್ನು ನೋಡುತ್ತಾ ಕುಳಿತೆ. ಟಿಕೆಟ್ಟಿಗೆ ಕೊಟ್ಟ ಪೌಂಡುಗಳನ್ನು ರೂಪಾಯಿಗೆ ಗುಣಿಸಿದ್ದು ಅಂದೇ ಕೊನೆ.

ಇದನ್ನೆಲ್ಲ ಕೇಳಿದ ಹುಡುಗಿಯ ತಾಯಿ, “ಅಲ್ಲಿ ನಾಟಕ ಬೆಳಗಿನವರೆಗೆ ನಡೆಯುತ್ತದೆಯೇ ಅಣ್ಣಾ?” ಎಂದರು.

“ಇಲ್ಲಮ್ಮ, ಹತ್ತೂವರೆಗೆ ಮುಗಿಯುತ್ತದೆ. ಎಲ್ಲರೂ ರೈಲು ಹಿಡಿಯಬೇಕಲ್ಲ.”

“ಹಾಗಾದರೆ ಅದೆಂಥ ನಾಟಕ!” ಎನ್ನುತ್ತಾ ಉಳಿದ ಮಿರ್ಚಿಯನ್ನು ಮಗಳ ತಟ್ಟೆಗೆ ಹಾಕಿದರು.